ಹಲ್ಲಿಗೇನೂ ಆಗದ ಮಾತ್ರೆ

"ಹಲ್ಲು ನೋಡು ಅಂದ್ರೆ ಕಣ್ಣು ಯಾಕಮ್ಮಿ ಎಳೀತೀಯ? ನಿಮ್ಮ ಮದ್ರಾಸಿನಾಗೆ ಹಲ್ಲು ಕಣ್ಣೊಳಗೆ ಬೆಳೀತವಾ?" ಎಂದ ಮುನಿಕೃಷ್ಣಪ್ಪ.

ಜಗಲಿಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಪಾಪಣ್ಣ ಹೊಟ್ಟೆ ಕುಣಿಸಿಕೊಂಡು ನಕ್ಕ. ಆ ಬೀದಿಯಲ್ಲಿ ಯಾರ ಹಲ್ಲು ನೋಯಲಿ, ಕೀಳುವವನು ಪಾಪಣ್ಣನೇ. ಅವನ ಪಕ್ಕದಲ್ಲಿ ಒಂದು ಚೊಂಬು ಬಿಸಿನೀರು, ನೀರೊಳಗೆ ಅವನ ಇಕ್ಕಳ. ಮುನಿಕೃಷ್ಣಪ್ಪನ ದವಡೆ ಹಲ್ಲನ್ನು ಅವನು ಮೂರು ದಿನದ ಹಿಂದೆಯೇ ಕಿತ್ತು ಕೈಗೆ ಕೊಡುತ್ತಿದ್ದ. ಆದರೆ ಅದೇ ಮನೆಯ ಹುಡುಗಿ ಮದ್ರಾಸಿನಲ್ಲಿ ಹಲ್ಲಿನ ಓದು ಓದುತ್ತಿರುವಾಗ, ಅವಳು ರಜೆಗೆ ಬರುವ ದಿನ ಗೊತ್ತಿರುವಾಗ, ಅವಳನ್ನು ಬಿಟ್ಟು ತಾನು ಕೈ ಹಾಕುವುದು ಮರ್ಯಾದೆಯಲ್ಲ ಎಂದು ತಡೆದುಕೊಂಡಿದ್ದ.

ಆದಿಲಕ್ಷ್ಮಿ ನಗಲಿಲ್ಲ. ಅಣ್ಣನ ಕೆಳರೆಪ್ಪೆಯನ್ನು ಹೆಬ್ಬೆರಳಿನಲ್ಲಿ ಎಳೆದು ಹಿಡಿದಿದ್ದಳು. ಕೆಂಪಗಿರಬೇಕಾದ ಒಳಭಾಗ ಬೂದುಗುಂಬಳದ ತಿರುಳಿನ ಹಾಗೆ ಬೆಳ್ಳಗಿತ್ತು. ಹಿಂದಿನ ದಿನ ಮಧ್ಯಾಹ್ನ ಅವಳು ತಮಿಳು ಸೀಮೆಯ ಗಡಿಯೂರು ಗುಮ್ಮಳಾಪುರದಲ್ಲಿ ಬಸ್ಸಿಳಿದಾಗ ಅಣ್ಣ ಕಾರ್ಖಾನೆಯಲ್ಲಿದ್ದ. ಈಗ ಬೆಳಗ್ಗೆ, ಬಿಸಿಲಿಗೆ ಮುಖ ಕೊಟ್ಟು ಕೂತವನನ್ನು ನೋಡುತ್ತಿದ್ದಾಳೆ. ನಾಲ್ಕು ತಿಂಗಳ ಹಿಂದೆ ದೀಪಾವಳಿಗೆ ಬಂದಾಗ ಎಮ್ಮೆಯ ಮೂಗುದಾರ ಹಿಡಿದು ನಿಲ್ಲಿಸುತ್ತಿದ್ದ ಆಳು ಇವನೇನಾ ಅನ್ನಿಸಿತು.

"ಬಾಯಿ ತೆಗಿ ಅಣ್ಣ."

ತೆಗೆದ. ನೋಯುತ್ತಿದ್ದ ಹಲ್ಲೊಂದರ ಬುಡದಲ್ಲಿ ಮಾತ್ರ ರಕ್ತವಿದ್ದಿದ್ದರೆ ಅವಳು ಸುಮ್ಮನಾಗುತ್ತಿದ್ದಳು. ಎಲ್ಲ ಹಲ್ಲುಗಳ ಬುಡದಲ್ಲೂ ಕುಂಕುಮದ ಗೆರೆ ಎಳೆದ ಹಾಗೆ ರಕ್ತ ಜಿನುಗುತ್ತಿತ್ತು. ಗಂಟಲ ಹತ್ತಿರ ಬೂದುಬಣ್ಣದ ಹುಣ್ಣು.

"ಎಷ್ಟು ದಿನದಿಂದ ಹಿಂಗೆ?"

"ಹದಿನೈದು ದಿನ ಆಯ್ತೇನೋ. ಎದ್ದರೆ ಬಾಯೆಲ್ಲ ಉಪ್ಪುಪ್ಪು. ಇದ್ದಿಲ ಪುಡಿ ಒರಟಾಗಿರ್ಬೇಕು ಅಂತ ಬಿಟ್ಟು ಬೇವಿನಕಡ್ಡಿಗೆ ಬಂದೆ. ಅದಕ್ಕೂ ನಿಲ್ಲಲಿಲ್ಲ. ಈ ಒಂದು ಹಲ್ಲು ಕಿತ್ತಾಕು, ಎಲ್ಲಾ ಸರಿಹೋಯ್ತದೆ. ಎರಡು ಗಂಟೆ ಶಿಫ್ಟ್‌ಗೆ ಹೋಗ್ಬೇಕು ನಾನು."

ಅವಳು ಅಣ್ಣನ ಲುಂಗಿಯನ್ನು ಮೊಳಕಾಲವರೆಗೆ ಸರಿಸಿದಳು. ಮೀನಖಂಡದ ಮೇಲೆಲ್ಲ ನೇರಳೆ ಬಣ್ಣದ ಸಣ್ಣ ಸಣ್ಣ ಚುಕ್ಕೆ, ರಾಗಿ ಚೆಲ್ಲಿದ ಹಾಗೆ. ಒಂದರ ಮೇಲೆ ಬೆರಳೊತ್ತಿ ತೆಗೆದಳು. ಚುಕ್ಕೆ ಮಾಸಲಿಲ್ಲ; ರಕ್ತ ಚರ್ಮದೊಳಗೇ ಸೋರಿತ್ತು.

"ತಿಗಣೆ ಕಡ್ದಿರೋದು," ಎಂದಳು ಒಳಗಿನಿಂದ ಉಪ್ಪುನೀರು ತಂದ ತಾಯಿ ಚಿಕ್ಕತಾಯಮ್ಮ. "ಆ ಕಂಪನಿ ಬಸ್ಸಿನ ಸೀಟಿನಾಗೆ ತುಂಬವೆ ಅಂತೆ."

"ತಿಗಣೆ ಅಲ್ಲಮ್ಮ." ಆದಿಲಕ್ಷ್ಮಿ ಎದ್ದು ನಿಂತಳು. "ಪಾಪಣ್ಣ ಮಾವ, ಆ ಇಕ್ಕಳ ತಗೊಂಡು ಮನೆಗೋಗು."

"ಯಾಕಮ್ಮಿ, ನಿನ್ನ ಇಕ್ಕಳ ತಂದಿದ್ದೀಯಾ? ಮದ್ರಾಸಿಂದು ಬೆಳ್ಳೀದಾ?"

"ಯಾರೂ ಕೀಳಂಗಿಲ್ಲ ಮಾವ. ಕಿತ್ರೆ ರಕ್ತ ನಿಲ್ಲಲ್ಲ. ನೀನು ಬಟ್ಟೆ ತುರುಕಿದ್ರೂ ನಿಲ್ಲಲ್ಲ, ನಾನು ಹೊಲಿಗೆ ಹಾಕಿದ್ರೂ ನಿಲ್ಲಲ್ಲ."

ಪಾಪಣ್ಣನಿಗೆ ಅವಳ ದನಿಯಲ್ಲಿ ಏನು ಕೇಳಿಸಿತೋ, ಇಕ್ಕಳವನ್ನು ನೀರಿನಿಂದ ತೆಗೆದು ಪಂಚೆಗೆ ಒರೆಸಿದ. ಚಿಕ್ಕತಾಯಮ್ಮ ಮಾತ್ರ ಬಿಡಲಿಲ್ಲ. "ಒಂದು ಹಲ್ಲು ಕೀಳಕ್ಕೂ ಆಗದ ಓದು ಎಂಥದ್ದೋ ತಾಯಿ. ಎರಡು ವರ್ಷ ಆಯ್ತು ಓದಕ್ಕೆ ಹತ್ತಿ."

ಆದಿಲಕ್ಷ್ಮಿ ಅಡಿಗೆಮನೆಗೆ ಹೋದಳು. ಅತ್ತಿಗೆ ಶ್ಯಾಮಲಮ್ಮ ಒಲೆಯ ಮುಂದೆ ಹಿಟ್ಟು ತೊಳಸುತ್ತಿದ್ದಳು.

"ಅತ್ತಿಗೆ, ಅಣ್ಣ ಏನಾದ್ರೂ ಮಾತ್ರೆ ನುಂಗ್ತಿದ್ನಾ?"

"ನೀನು ಬ್ಯಾಡ ಅಂದ ಮೇಲೆ ಆ ಕೆಂಪು ಮಾತ್ರೆ ಮನೆಗೇ ಸೇರ್ಸಿಲ್ಲ ಕಣಮ್ಮ. ಚೀಟಿ ಮಾತ್ರೆ ಒಂದೇ."

ಆ ಚೀಟಿಯ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೂರು ವರ್ಷದ ಹಿಂದೆ ಮುನಿಕೃಷ್ಣಪ್ಪನಿಗೆ ಟೈಫಾಯ್ಡ್ ಬಂದು, ಹದಿನೆಂಟು ದಿನ ಜ್ವರ ಇಳಿಯದೆ, ಮನೆಯವರು ಆಸೆ ಬಿಟ್ಟಿದ್ದರು. ಆಗ ಹೊಸೂರಿನ ಒಬ್ಬ ತಮಿಳು ಡಾಕ್ಟರು ಕ್ಲೋರಾಂಫೆನಿಕಾಲ್ ಎಂಬ ಬಿಳಿ ಮಾತ್ರೆ ಬರೆದುಕೊಟ್ಟರು. ನಾಲ್ಕನೆಯ ದಿನಕ್ಕೆ ಜ್ವರ ಬಿಟ್ಟಿತು. ಶ್ಯಾಮಲಮ್ಮ ಆ ಚೀಟಿಯನ್ನು ಬಿಸಾಡಲಿಲ್ಲ. ಒಂದು ಮದುವೆ ಕಾಗದದ ದಪ್ಪ ರಟ್ಟಿಗೆ ಅನ್ನದ ಅಗುಳಿನಲ್ಲಿ ಅಂಟಿಸಿ, ದೇವರ ಪಟದ ಹಿಂದೆ ಇಟ್ಟಳು. ಆಮೇಲೆ ಮನೆಯಲ್ಲಿ ಯಾರ ಮೈ ಬಿಸಿಯಾದರೂ ಚೀಟಿ ಹೊಸೂರಿಗೆ ಹೋಗುತ್ತಿತ್ತು, ಮಾತ್ರೆ ಬರುತ್ತಿತ್ತು. ಔಷಧಿ ಅಂಗಡಿಯವನು ತಾರೀಖು ನೋಡುತ್ತಿರಲಿಲ್ಲ. ಅಕ್ಕಪಕ್ಕದವರೂ ಕೇಳತೊಡಗಿದರು. ಒರಳು, ಮೊರ, ಸೇರು ಎರವಲು ಹೋಗುವ ಹಾಗೆ ಚೀಟಿಯೂ ಬೀದಿಯಲ್ಲಿ ಮನೆಮನೆಗೆ ಹೋಗಿ ಬರುತ್ತಿತ್ತು. ಆದಿಲಕ್ಷ್ಮಿಯೇ ಪಿಯುಸಿ ಪರೀಕ್ಷೆಯ ಹೊತ್ತಿಗೆ ಜ್ವರ ಬಂದಾಗ ಅದರಿಂದ ತಂದ ನಾಲ್ಕು ಮಾತ್ರೆ ನುಂಗಿದ್ದಳು.

ಇಷ್ಟಾದರೂ ಆಗ ಮನೆಯಲ್ಲಿ ಹೆಚ್ಚು ಓಡಾಡುತ್ತಿದ್ದುದು ಕಾರ್ಖಾನೆಯ ದವಾಖಾನೆಯಲ್ಲಿ ಕೊಡುತ್ತಿದ್ದ ಕೆಂಪು ಹಳದಿಯ ಟೆಟ್ರಾಸೈಕ್ಲಿನ್. ಮುನಿಕೃಷ್ಣಪ್ಪ ತನಗೆ ಕೊಟ್ಟದ್ದರಲ್ಲಿ ಅರ್ಧ ನುಂಗಿ ಅರ್ಧ ಮನೆಗೆ ತರುತ್ತಿದ್ದ. ಮಗಳು ಕೂಸಾಗಿದ್ದಾಗಿನಿಂದಲೂ ಶ್ಯಾಮಲಮ್ಮ ಅದನ್ನು ಬಿಡಿಸಿ ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುತ್ತಿದ್ದಳು.

ಹೋದ ದೀಪಾವಳಿಗೆ ಆದಿಲಕ್ಷ್ಮಿ ಬಂದಾಗ ಮಗುವಿಗೆ ಏಳು ವರ್ಷ, ಮುಂದಿನ ಹೊಸ ಹಲ್ಲು ಮೂಡಿದ್ದವು. ಅಡ್ಡಡ್ಡ ಪಟ್ಟೆ, ಬೂದು ಕಲೆಸಿದ ಹಳದಿ. ಮನೆಯವರಿಗೆ ಅದು ದೊಡ್ಡ ವಿಷಯವೇ ಅಲ್ಲ. ಬೋರ್‌ವೆಲ್ ನೀರು ಕುಡಿದ ಆ ಕಡೆಯ ಜನಕ್ಕೆ ಕಂದು ಹಲ್ಲು ಹುಟ್ಟಿನಿಂದ ಬಂದ ಮಚ್ಚೆಯಿದ್ದ ಹಾಗೆ. ಆದರೆ ಆದಿಲಕ್ಷ್ಮಿ ಅದೇ ವಾರ ಟೆಟ್ರಾಸೈಕ್ಲಿನ್ ಪಾಠ ಮುಗಿಸಿ ಬಂದಿದ್ದಳು. ಮಗುವನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಮನೆಯವರನ್ನೆಲ್ಲ ಸುತ್ತ ಕೂರಿಸಿ, ಮೇಷ್ಟರ ಹಾಗೆ ಹೇಳಿದಳು: ಇದು ನೀರಿಂದ ಬಂದದ್ದಲ್ಲ, ಈ ಮಾತ್ರೆಯಿಂದ ಬಂದದ್ದು. ಮೈಯಲ್ಲಿರುವ ಸುಣ್ಣದ ಜೊತೆ ಕೂಡಿಕೊಂಡು ಎಳೆಯ ಮೂಳೆಗೆ, ಹಲ್ಲಿಗೆ ಹೋಗಿ ಕೂರುತ್ತದೆ, ಮತ್ತೆ ಬಿಡುವುದಿಲ್ಲ. ಬಸುರಿಗೆ ಕೊಡಬಾರದು, ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು.

ಮುನಿಕೃಷ್ಣಪ್ಪ ಎದ್ದವನೇ ಇದ್ದ ಮಾತ್ರೆಯನ್ನೆಲ್ಲ ತಿಪ್ಪೆಗೆ ಸುರಿದು ಬಂದ. ಬಂದು ಕೇಳಿದ: "ಹಂಗಾದ್ರೆ ಚೀಟಿ ಮಾತ್ರೆ? ಅದು ತಗೋಬೋದಾ?"

"ಅದು ಹಲ್ಲಿಗೇನೂ ಮಾಡಲ್ಲಣ್ಣ," ಎಂದಿದ್ದಳು ಆದಿಲಕ್ಷ್ಮಿ.

ಸುಳ್ಳಲ್ಲ. ಹಲ್ಲಿಗೆ ಅದು ಏನೂ ಮಾಡುವುದಿಲ್ಲ. ಪುಸ್ತಕದಲ್ಲಿ ಅದರ ಪಾಠ ಟೆಟ್ರಾಸೈಕ್ಲಿನ್ ಮುಗಿದ ಮುಂದಿನ ಪುಟದಲ್ಲೇ ಇತ್ತು. ರಜೆ ಬಂದದ್ದರಿಂದ ಆ ಪುಟ ಉಳಿದುಹೋಗಿತ್ತು. ಮದ್ರಾಸಿಗೆ ಹಿಂತಿರುಗಿ ಅದನ್ನು ಓದಿದ ದಿನ ಅವಳಿಗೆ ದೇವರ ಪಟದ ಹಿಂದಿನ ಚೀಟಿ ಜ್ಞಾಪಕಕ್ಕೆ ಬಂದಿತ್ತು. ಕೆಲವರಲ್ಲಿ ಈ ಔಷಧ ಮೂಳೆಯೊಳಗಿನ ಮಜ್ಜೆಯನ್ನೇ ಒಣಗಿಸುತ್ತದೆ, ರಕ್ತ ಹುಟ್ಟುವುದೇ ನಿಂತುಹೋಗುತ್ತದೆ ಎಂದು ಬರೆದಿತ್ತು. ಅದರ ಕೆಳಗೆ, ಮೂವತ್ತು ಸಾವಿರ ಜನಕ್ಕೆ ಒಬ್ಬರಿಗೆ ಎಂದೂ ಬರೆದಿತ್ತು. ಅವಳು ಗುಮ್ಮಳಾಪುರದ ತಲೆಗಳನ್ನು ಮನಸ್ಸಿನಲ್ಲೇ ಎಣಿಸಿದಳು. ಸುತ್ತಲ ಹತ್ತು ಹಳ್ಳಿ ಸೇರಿಸಿದರೂ ಮೂವತ್ತು ಸಾವಿರ ಆಗಲಿಲ್ಲ. ಮನೆಗೊಂದು ಕಾಗದ ಬರೆಯಬೇಕು ಅಂದುಕೊಂಡಳು. ಬರೆಯಲಿಲ್ಲ.

"ಚೀಟಿ ಎಲ್ಲಿ ಅತ್ತಿಗೆ?"

"ಭದ್ರಮ್ಮ ಇಸ್ಕೊಂಡೋದ್ಲು. ಅವಳ ಮಗೀಗೆ ಜ್ವರ."

ಆದಿಲಕ್ಷ್ಮಿ ಬರಿಗಾಲಲ್ಲೇ ಎದುರುಮನೆಗೆ ನಡೆದಳು. ಭದ್ರಮ್ಮ ಹೊಸ್ತಿಲಲ್ಲೇ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ರಟ್ಟು ಅವಳ ಸೊಂಟದಲ್ಲಿತ್ತು.

"ಚೀಟಿ ಕೊಡಕ್ಕ. ಆ ಮಾತ್ರೆ ಮಗೀಗೆ ಹಾಕ್ಬೇಡ."

"ಅದ್ಯಾಕೆ? ನಮ್ಮೆಜಮಾನ್ರು ಹೊಸೂರಿಗೆ ಹೊಂಡ್ತಾವ್ರೆ, ಬರ್ತಾ ತತ್ತಾರೆ."

"ಅದು ಟೈಫಾಯ್ಡ್‌ಗೆ ಅಂತ ಡಾಕ್ಟರು ನೋಡಿ ಬರ್ಕೊಟ್ಟಿದ್ದು. ನೆಗಡಿ ಜ್ವರಕ್ಕಲ್ಲ. ಮಗೂನ ಸರ್ಕಾರಿ ಆಸ್ಪತ್ರೆಗೆ ತೋರ್ಸು."

ಭದ್ರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹೋದ ಸಲ ಬಂದಾಗ ಕೆಂಪು ಮಾತ್ರೆ ಕೆಟ್ಟದ್ದು ಅಂದೆ. ಈ ಸಲ ಬಿಳೀದು ಕೆಟ್ಟದ್ದು ಅಂತೀಯ. ಮುಂದಿನ ಸಲ ಬಂದು ಮುದ್ದೆ ಕೆಟ್ಟದ್ದು ಅಂದ್ಬುಡು, ಎಲ್ಲಾ ಸತ್ತೋಗ್ತೀವಿ. ಅಲ್ಲಮ್ಮಿ, ನಿಮ್ಮಣ್ಣನ್ನ ಉಳಿಸಿದ್ದು ಯಾವುದು? ಇದೇ ಅಲ್ವಾ?"

ಆದಿಲಕ್ಷ್ಮಿ ಕೈ ಚಾಚಿಕೊಂಡೇ ನಿಂತಳು. ಅವಳು ಚಪ್ಪಲಿಯೂ ಇಲ್ಲದೆ ಬಂದದ್ದನ್ನು ಕಂಡು ಭದ್ರಮ್ಮ ಸೊಂಟದಿಂದ ರಟ್ಟು ತೆಗೆದು ಕೊಟ್ಟಳು. "ತಗೋ. ಏನಾಯ್ತು ನಿಮ್ಮಣ್ಣಂಗೆ?"

ವಾಪಸು ಬರುವಾಗ ಆ ಇಪ್ಪತ್ತು ಹೆಜ್ಜೆಯಲ್ಲಿ ಅವಳು ಒಂದೇ ಒಂದನ್ನು ಬೇಡಿಕೊಂಡಳು. ಪುಸ್ತಕದಲ್ಲಿ ಎರಡು ಬಗೆ ಇತ್ತು. ಒಂದು, ಮಾತ್ರೆ ಜಾಸ್ತಿ ನುಂಗುತ್ತಿರುವಾಗಲೇ ಮಜ್ಜೆ ಸೊರಗುವುದು. ಮಾತ್ರೆ ನಿಲ್ಲಿಸಿದರೆ ಎರಡು ಮೂರು ವಾರಕ್ಕೆ ಅದು ಚಿಗುರಿಕೊಳ್ಳುತ್ತದೆ. ಇನ್ನೊಂದು, ನುಂಗಿದ್ದು ಎಷ್ಟೇ ಇರಲಿ, ನಿಲ್ಲಿಸಿ ಎಷ್ಟೋ ವಾರವಾದ ಮೇಲೆ ಬರುವುದು. ಅದಕ್ಕೆ ಹಿಂದಿರುಗುವ ದಾರಿ ಇಲ್ಲವೆಂದೇ ಬರೆದಿದ್ದರು. ದೇವರೇ, ಇವತ್ತು ಬೆಳಗ್ಗೆ ನುಂಗಿದೆ ಅನ್ನಲಿ. ನಿನ್ನೆ ನುಂಗಿದೆ ಅನ್ನಲಿ. ದಿನಾ ಹಿಡಿಹಿಡಿ ನುಂಗುತ್ತಿದ್ದೆ ಅನ್ನಲಿ.

"ಅಣ್ಣ, ಚೀಟಿ ಮಾತ್ರೆ ಕೊನೇ ಸಲ ಯಾವಾಗ ನುಂಗ್ದೆ? ನಿಜ ಹೇಳು. ನಾನು ಬಯ್ಯಲ್ಲ."

ಮುನಿಕೃಷ್ಣಪ್ಪ ತಪ್ಪು ಮಾಡದ ಹುಡುಗನ ಹಾಗೆ ಎದೆ ಸೆಟೆಸಿ ಕೂತ. "ನೀನೇನಂದ್ಕೊಂಡೆ? ಸಂಕ್ರಾಂತಿ ಟೈಮಿಗೆ ನುಂಗಿದ್ದೇ ಕೊನೆ. ಆಗ ಕೆಲ್ಸ ಕಾಯಂ ಆಗೋದಿತ್ತು, ಒಂದು ದಿನಾನೂ ರಜಾ ಹಾಕಂಗಿರ್ಲಿಲ್ಲ. ಮೈ ಬಿಸಿ ಅನ್ನಿಸ್ದಾಗೆಲ್ಲ ಎರಡು ನುಂಗಿ ಶಿಫ್ಟ್‌ಗೆ ಹೋಗ್ಬುಡ್ತಿದ್ದೆ. ಕಾಯಂ ಆದ್ಮೇಲೆ ಒಂದೂ ಮುಟ್ಟಿಲ್ಲ ಕಣಮ್ಮಿ. ಬೇಕಾದ್ರೆ ನಿಮ್ಮತ್ತಿಗೇನ ಕೇಳು. ಎರಡು ತಿಂಗಳಾಯ್ತು."

ಹಾಗಾದರೆ ಪುಸ್ತಕದ ಎರಡನೆಯ ಬಗೆ. ಆದಿಲಕ್ಷ್ಮಿ ಒಳಗೆ ಹೋಗಿ ರಟ್ಟನ್ನು ಚೀಲಕ್ಕೆ ಹಾಕಿಕೊಂಡು ಬಂದಳು.

"ಅಣ್ಣ, ಏಳು. ಬೆಂಗಳೂರಿಗೆ ಹೋಗೋಣ."

"ಏನ್ ಆಟ ಆಡ್ತಿದ್ದೀಯ? ಶಿಫ್ಟ್ ಐತೆ ಅಂತ ಹೇಳ್ಲಿಲ್ವಾ? ಭಾನುವಾರ ನೋಡುವಾ."

"ಭಾನುವಾರ ಬೇಡ. ಈಗ."

"ಹೋಗ್ಲಾ ಕೃಷ್ಣ, ಅಷ್ಟು ದೂರದಿಂದ ಬಂದವ್ಳೆ, ಕೇಳ್ತಾವ್ಳೆ," ಎಂದ ಪಾಪಣ್ಣ. ಅವನಿನ್ನೂ ಮನೆಗೆ ಹೋಗಿರಲಿಲ್ಲ.

"ನೀನು ಸುಮ್ಕಿರು ಮಾವ. ಕಾಯಂ ಆಗಿ ಎರಡು ತಿಂಗ್ಳಿಲ್ಲ, ಹಲ್ಲುನೋವು ಅಂತ ಮನೇಲಿ ಕೂತ್ರೆ ಸೂಪರ್‌ವೈಸರ್ ನಗ್ತಾನೆ." ಮುನಿಕೃಷ್ಣಪ್ಪ ಬೂಟು ಹುಡುಕಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಮೂಗಿನಿಂದ ಒಂದು ಹನಿ, ಆಮೇಲೆ ಇನ್ನೊಂದು, ಆಮೇಲೆ ದಾರ ಬಿಟ್ಟ ಹಾಗೆ ರಕ್ತ ಬೂಟಿನ ಮೇಲೆ ಬೀಳತೊಡಗಿತು. ಚಿಕ್ಕತಾಯಮ್ಮ ತಲೆಗೆ ತಣ್ಣೀರು ಹೊಯ್ದಳು. ಶ್ಯಾಮಲಮ್ಮ ಈರುಳ್ಳಿ ಜಜ್ಜಿ ಹಿಡಿದಳು. ಆದಿಲಕ್ಷ್ಮಿ ಮೂಗಿನ ಎರಡು ಹೊಳ್ಳೆಯನ್ನೂ ಒತ್ತಿ ಹಿಡಿದು ಬಾಗಿಲ ಮೇಲಿನ ಗಡಿಯಾರ ನೋಡುತ್ತ ನಿಂತಳು. ಐದು ನಿಮಿಷಕ್ಕೆ ನಿಲ್ಲಬೇಕು. ಹತ್ತು ನಿಮಿಷವಾಯಿತು. ಕಾಲು ಗಂಟೆಯಾಯಿತು. ಅಣ್ಣನ ಕಣ್ಣಿನಲ್ಲಿ ಮೊದಲ ಸಲ ಹೆದರಿಕೆ ಕಂಡಿತು.

"ಯಾವ ಬಸ್ಸು ಲಕ್ಷ್ಮೀ?" ಎಂದ, ಅವಳ ಬೆರಳ ಸಂದಿಯಿಂದಲೇ.

ಆನೇಕಲ್ ಬಸ್ಸು ಹನ್ನೊಂದಕ್ಕೆ ಬಂತು. ಪಾಪಣ್ಣನೇ ಮುಂದೆ ಓಡಿ ಕಂಡಕ್ಟರಿಗೆ ತಮಿಳಿನಲ್ಲಿ ಏನೇನೋ ಹೇಳಿ ಮುಂದಿನ ಸೀಟು ಬಿಡಿಸಿದ. ಮಗುವನ್ನು ಚಿಕ್ಕತಾಯಮ್ಮನ ಹತ್ತಿರ ಬಿಟ್ಟು ಅತ್ತಿಗೆ ನಾದಿನಿ ಇಬ್ಬರೂ ಹತ್ತಿದರು. ಮುನಿಕೃಷ್ಣಪ್ಪ ನಡುವೆ ಕೂತು ಟವಲನ್ನು ಮೂಗಿಗೆ ಒತ್ತಿಕೊಂಡಿದ್ದ. ಹಸಿರು ಟವಲು, ರಕ್ತ ಕಪ್ಪಗೆ ಕಾಣುತ್ತಿತ್ತು. ಆನೇಕಲ್ಲಿನಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ ಶ್ಯಾಮಲಮ್ಮನಿಗೆ ಜೊಂಪು ಹತ್ತಿತು.

"ಅಣ್ಣ, ದೀಪಾವಳಿಗೆ ನಾನು ಹೇಳಿದ್ದು ಜ್ಞಾಪಕ ಐತಾ? ಚೀಟಿ ಮಾತ್ರೆ ಬಗ್ಗೆ?"

"ಹೂಂ."

"ನಾನು ಆಗ ಆ ಪಾಠ ಓದಿರ್ಲಿಲ್ಲ. ಓದದೆ ಹೇಳ್ದೆ. ಓದಿದ ಮೇಲಾದ್ರೂ ಒಂದು ಕಾಗದ ಹಾಕ್ಬೇಕಿತ್ತು. ಡಿಸೆಂಬರ್‌ನಾಗೆ ಹಾಕಿದ್ರೆ ನೀನು ಸಂಕ್ರಾಂತಿಗೆ ನುಂಗ್ತಿರ್ಲಿಲ್ಲ."

ಮುನಿಕೃಷ್ಣಪ್ಪ ಕಿಟಕಿಯಾಚೆ ನೋಡಿದ. ನೀಲಗಿರಿ ತೋಪು ಬಂತು, ಹೋಯಿತು.

"ನುಂಗ್ತಿದ್ದೆ," ಎಂದ. "ಕೆಲ್ಸ ಕಾಯಂ ಆಗೋ ಟೈಮು. ನೀನಲ್ಲ, ದೇವ್ರು ಕಾಗದ ಹಾಕಿದ್ರೂ ನುಂಗ್ತಿದ್ದೆ." ಆಮೇಲೆ ಟವಲು ಮಡಚಿ ಒಣಗಿದ ಮಗ್ಗುಲು ಹುಡುಕುತ್ತ, "ಭದ್ರಮ್ಮನ ಮಗೀಗೆ ಬ್ಯಾಡ ಅಂತ ಹೇಳಿದ್ಯಾ?" ಎಂದ.

"ಹೇಳ್ದೆ."

"ಕೇಳಿದ್ಲಾ?"

"ಚೀಟಿ ಕೊಟ್ಲು."

"ಹಂಗಾದ್ರೆ ಬಿಡು."

ಅಣ್ಣ ಸಮಾಧಾನಕ್ಕೆ ಹಾಗೆ ಹೇಳಿದನೆಂದು ಅವಳಿಗೆ ಗೊತ್ತು. ಅವನಿಗೆ ಇದು ಎಂಥ ಕಾಯಿಲೆಯೆಂದು ಇನ್ನೂ ಗೊತ್ತಿಲ್ಲ, ಅದೂ ಗೊತ್ತು. ಬಸ್ಸಿನಲ್ಲಿ ಅಷ್ಟು ಜನರ ನಡುವೆ ಅದನ್ನು ಬಲ್ಲವಳು ಅವಳೊಬ್ಬಳೇ.

ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು ಹೋದವರು ಮೂರು ಗಂಟೆಗೆ ವರದಿ ತಂದರು. ವಾರ್ಡಿನ ಲೇಡಿ ಡಾಕ್ಟರು ಅದನ್ನು ಓದಿ, ಆದಿಲಕ್ಷ್ಮಿ ಕೊಟ್ಟ ರಟ್ಟನ್ನು ಓದಿ, ಮತ್ತೆ ವರದಿ ಓದಿದರು. ಕೆಂಪು ಕಣ, ಬಿಳಿ ಕಣ, ರಕ್ತ ಹೆಪ್ಪುಗಟ್ಟಿಸುವ ಕಣ, ಮೂರೂ ತಳ ಕಂಡಿದ್ದವು.

"ಈ ಮಾತ್ರೆ ಕೊನೇ ಸಲ ಯಾವಾಗ ತಗೊಂಡಿದ್ದು?"

"ಸಂಕ್ರಾಂತಿಗೆ ಮೇಡಂ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀನು ಡೆಂಟಲ್ ಎರಡನೇ ವರ್ಷ ಅಂದೆ ಅಲ್ವಾ? ಹಾಗಾದ್ರೆ ನಿನಗೆ ಗೊತ್ತು."

"ಪುಸ್ತಕದಲ್ಲಿರೋದು ಗೊತ್ತು ಮೇಡಂ. ಪುಸ್ತಕದಲ್ಲಿ ಇಲ್ಲದ್ದು ಏನಾದ್ರೂ ಇದ್ರೆ ಹೇಳಿ."

"ನಾಳೆ ಮಜ್ಜೆ ತೆಗೆದು ನೋಡ್ತೀವಿ. ಅಷ್ಟರವರೆಗೆ ನಾನು ಏನೂ ಹೇಳಲ್ಲ." ಡಾಕ್ಟರು ಅವಳ ಮುಖ ನೋಡಿ ದನಿ ತಗ್ಗಿಸಿದರು. "ಕೆಲವರಿಗೆ ತಿಂಗಳುಗಟ್ಟಲೆ ರಕ್ತ ಕೊಡ್ತಾ ಹೋದರೆ ಮಜ್ಜೆ ತಾನಾಗಿ ಮತ್ತೆ ಶುರು ಮಾಡುತ್ತೆ. ಕೆಲವರಿಗೆ."

"ಎಷ್ಟು ಜನಕ್ಕೆ ಮೇಡಂ?"

"ಮೊದಲು ಇವತ್ತಿನ ಬಾಟಲಿ ನೋಡಮ್ಮ. ಅವರ ಗುಂಪಿನ ರಕ್ತ ನಮ್ಮಲ್ಲಿ ಖಾಲಿ. ಮನೆಯವರು ಯಾರಿದ್ದೀರಿ?"

ಶ್ಯಾಮಲಮ್ಮ ಸೆರಗು ಬಿಗಿದುಕೊಂಡು ಮುಂದೆ ಬಂದಳು. ಅವಳ ಗುಂಪು ಹೊಂದಲಿಲ್ಲ. ಕಾರ್ಖಾನೆಗೆ ಫೋನು ಮಾಡಿದರೆ ಮೊದಲ ಶಿಫ್ಟಿನವರು ಹೊರಟುಹೋಗಿದ್ದಾರೆ, ಎರಡನೆಯ ಶಿಫ್ಟಿನವರನ್ನು ಕೆಲಸದ ನಡುವೆ ಬಿಡುವ ಹಾಗಿಲ್ಲ, ನಾಳೆ ಬೆಳಗ್ಗೆ ನಾಲ್ಕು ಜನರನ್ನು ಕಳಿಸುತ್ತೇವೆ ಎಂದರು. ನಾಳೆ ಬೆಳಗ್ಗೆ ಬಹಳ ದೂರವಿತ್ತು. ಆದಿಲಕ್ಷ್ಮಿಯ ಗುಂಪು ಅಣ್ಣನದೇ.

ರಕ್ತ ತೆಗೆಯುವ ಕೋಣೆಯಲ್ಲಿ ಕನ್ನಡಕ ಹಾಕಿದ ಒಬ್ಬ ವಯಸ್ಸಾದ ನೌಕರ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ. "ನಲವತ್ತೈದೂವರೆ. ಕಮ್ಮಿ ಅಂದ್ರೆ ನಲವತ್ತೈದಿರಬೇಕು, ಆ ಅರ್ಧ ಕೆಜಿ ನಿಮ್ಮ ಜಡೆಯದ್ದೇ ಇರಬೇಕು," ಎಂದ. "ಯಾರಿಗಮ್ಮ?"

"ಅಣ್ಣಂಗೆ."

"ನಿಮಗೆ ಕಾಯಿಲೆ ಗೀಯಿಲೆ?"

ಸುಳ್ಳು ಹೇಳಿದರೆ ಬಾಟಲಿ ಸಿಗುತ್ತದೆ. "ಅಣ್ಣ ನುಂಗಿದ ಮಾತ್ರೆ ನಾನೂ ನುಂಗಿದ್ದೆ. ಎರಡು ವರ್ಷ ಆಯ್ತು. ನಾಲ್ಕು."

"ಈಗ ವಸಡಿನಾಗೆ ರಕ್ತ, ಮೈಮೇಲೆ ಚುಕ್ಕೆ ಏನಾದ್ರೂ?"

"ನೋಡ್ಕೊಂಡಿಲ್ಲ."

"ಅದನ್ನ ಡಾಕ್ಟರಮ್ಮಂಗೆ ಹೇಳೇ ತೆಗೀತೀನಿ. ಮೊದಲು ಇದು ನೋಡುವಾ." ಅವನು ಗೂಡಿನಿಂದ ನೀಲಿ ನೀರಿನ ಗಾಜಿನ ಲೋಟವೊಂದನ್ನು ತಂದು ಬೆಳಕಿಗೆ ಇಟ್ಟ. "ಮೈಲುತುತ್ತದ ನೀರು. ನಿಮ್ಮ ರಕ್ತದ ಹನಿ ಮುಳುಗಿದ್ರೆ ನಿಮ್ಮಲ್ಲಿ ಕೊಡುವಷ್ಟು ಐತೆ ಅಂತ. ತೇಲಿದ್ರೆ ಎದ್ದು ಮನೆಗೆ ಹೋಗ್ಬೇಕು, ಯಾರ ತಂಗಿ ಆದ್ರೂ ಸರಿ."

"ಆಯ್ತು."

"ಬೆರಳು ಕೊಡಿ."

ಸೂಜಿ ಚುಚ್ಚಿದ. ಬೆರಳ ತುದಿಯಲ್ಲಿ ರಕ್ತ ದುಂಡಗೆ ಊರಿ ನಿಂತಿತು. ಸಣ್ಣ ಕೊಳವೆಯಲ್ಲಿ ಅದನ್ನು ಹೀರಿ, ಲೋಟದ ಮೇಲೆ ಒಂದು ಬೆರಳಗಲ ಎತ್ತರದಿಂದ ಬಿಟ್ಟ. ಹನಿ ನೀಲಿ ನೀರೊಳಗೆ ಇಳಿದು, ನಡುವೆ ಹೋಗಿ ನಿಂತಿತು. ಆದಿಲಕ್ಷ್ಮಿ ಮೇಜಿನ ಅಂಚು ಹಿಡಿದು ಬಗ್ಗಿ ನೋಡಿದಳು. ಹನಿ ಅಲುಗಲಿಲ್ಲ. ಆಮೇಲೆ ಮೆಲ್ಲಗೆ, ಯಾರೋ ಕೆಳಗಿನಿಂದ ಕರೆದ ಹಾಗೆ, ತಳಕ್ಕೆ ಇಳಿದು ಕೂತಿತು.